ಮೂರನೇ ಮಹಡಿಯ ಗಣಿಯೂ ಆರು ಆಂಪಿನ ಪ್ಲಗ್ಗೂ

ಹೆಬ್ಬಾಳದ ಮೇಲುಸೇತುವೆ ಹತ್ತಿರ ಬಸ್ಸು ನಿಂತರೆ ಮತ್ತೆ ಯಾವಾಗ ಹೊರಡುತ್ತದೆಂದು ಡ್ರೈವರೂ ಹೇಳಲಾರ, ದೇವರೂ ಹೇಳಲಾರ. ಅಂಥ ಹೊತ್ತಿನಲ್ಲಿ ಪಕ್ಕದವರ ಮಾತು ಕಿವಿಗೆ ಬಿದ್ದರೆ ಅದು ನಮ್ಮ ತಪ್ಪಲ್ಲ. ಮೊನ್ನೆ ಯಲಹಂಕದ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹುಡುಗರು ಮಾತಾಡಿಕೊಳ್ಳುತ್ತಿದ್ದರು. "ಮಚ್ಚಾ, ಮಿಷನ್ನು ಎರಡು ದಿನದಿಂದ ನಿಂತ್ಹೋಗಿದೆ. ಮೂರು ಬೋರ್ಡಲ್ಲಿ ಒಂದು ಕಾಣಿಸ್ತಾನೇ ಇಲ್ಲ. ಮೈನಿಂಗು ಫುಲ್ ಲಾಸು." ನನ್ನ ಪಕ್ಕದಲ್ಲಿ ಕೂತಿದ್ದವರು ಯಶವಂತಪುರ ಯಾರ್ಡಿನ ಈರುಳ್ಳಿ ವ್ಯಾಪಾರಿಗಳು. ಕಣ್ಣರಳಿಸಿ, "ಬಳ್ಳಾರಿ ಕಡೆಯೋರಾ ಸ್ವಾಮಿ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಅವರದೇನೂ ತಪ್ಪಿಲ್ಲ. ಗಣಿ ಅಂದರೆ ನಮ್ಮ ಜನಕ್ಕೆ ನೆನಪಾಗುವುದು ಬಳ್ಳಾರಿಯ ಕೆಂಪು ಧೂಳು, ಲಾರಿಗಳ ಸಾಲು, 2011ರ ಲೋಕಾಯುಕ್ತ ವರದಿ. ಆದರೆ ಆ ಹುಡುಗರ ಗಣಿ ಬೇರೆ. ಅದು ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ, ಬಾಲ್ಕನಿಯ ಮೂಲೆಯಲ್ಲಿ ಇರುವಂಥದು. ಮಣ್ಣಿಲ್ಲ, ಲಾರಿಯಿಲ್ಲ. ಬೂಟಿನ ಡಬ್ಬದಷ್ಟು ದೊಡ್ಡ ಒಂದು ಕಬ್ಬಿಣದ ಪೆಟ್ಟಿಗೆ, ಹಿಂದೊಂದು ಮುಂದೊಂದು ಫ್ಯಾನು, ಒಂದು ಪ್ಲಗ್ಗು. ಅಷ್ಟೇ. ಇದರ ಬಗ್ಗೆ ಬರೆಯಲು ಈ ಅಂಕಣಕಾರನಿಗೆ ಏನು ಅಧಿಕಾರ ಅಂತ ಕೇಳಬಹುದು. ಅಧಿಕಾರವೇನಿಲ್ಲ. ಇಂಥದೇ ಒಂದು ಪೆಟ್ಟಿಗೆಯ ದೆಸೆಯಿಂದ ನನ್ನ ಹಳೇ ಸ್ನೇಹಿತರ ಮನೆ ಸುಡುವುದು ಕೂದಲೆಳೆಯಲ್ಲಿ ತಪ್ಪಿತು. ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಇದು ಕಿರ್ದಿ ಪುಸ್ತಕದ ವ್ಯವಹಾರ. ಬಿಟ್‌ಕಾಯಿನ್ ಎಂಬ ಕೈಗೆ ಸಿಗದ ನಾಣ್ಯ 2009ರ ಜನವರಿಯಲ್ಲಿ ಶುರುವಾಯಿತು. ಅದರ ಲೆಕ್ಕದ ಪುಸ್ತಕ ಯಾವ ಬ್ಯಾಂಕಿನ ಬೀರುವಿನಲ್ಲೂ ಇಲ್ಲ. ಲೋಕದಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಅದೇ ಪುಸ್ತಕದ ನಕಲಿದೆ. ಸರಾಸರಿ ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಆ ಪುಟಕ್ಕೆ ಮೊಹರು ಹಾಕಬೇಕಾದರೆ ಒಂದು ಸಂಖ್ಯೆ ಹೊಂದಿಸಬೇಕು. ಸೂಟ್‌ಕೇಸಿನ ನಂಬರು ಬೀಗ ಮರೆತುಹೋದರೆ ಸೊನ್ನೆಯಿಂದ ಒಂದೊಂದೇ ತಿರುಗಿಸುತ್ತೀವಲ್ಲ, ಹಾಗೆ. ಬುದ್ಧಿವಂತಿಕೆಯ ಕೆಲಸವಲ್ಲ, ಬರೀ ತಿರುಗಿಸುವ ಕೆಲಸ. ಯಾರ ಪೆಟ್ಟಿಗೆಗೆ ಮೊದಲು ಹೊಂದುತ್ತದೋ ಅವರಿಗೆ ಬಹುಮಾನ. ಮೊದಮೊದಲು ಪುಟಕ್ಕೆ 50 ನಾಣ್ಯ ಸಿಗುತ್ತಿತ್ತು. 2012, 2016, 2020, 2024 ಹೀಗೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧ ಅರ್ಧವಾಗುತ್ತಾ, 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು. ಒಟ್ಟು 2 ಕೋಟಿ 10 ಲಕ್ಷ ನಾಣ್ಯಕ್ಕಿಂತ ಹೆಚ್ಚು ಹುಟ್ಟುವುದೇ ಇಲ್ಲ ಎಂಬುದು ಕಟ್ಟಳೆ.

ಒಬ್ಬನೇ ತಿರುಗಿಸುತ್ತಾ ಕೂತರೆ ಜನ್ಮ ಕಳೆದರೂ ಬೀಗ ತೆರೆಯದಿರಬಹುದು. ಆದ್ದರಿಂದ ಸಾವಿರಾರು ಜನ ಒಂದು ಗುಂಪು ಸೇರುತ್ತಾರೆ. ಅದಕ್ಕೆ ಪೂಲು ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಲ್ಲುವ ಮುಂಚೆ ಆಫೀಸಿನವರೆಲ್ಲ ದುಡ್ಡು ಹಾಕಿ ಟಿಕೇಟು ತರುತ್ತಿದ್ದರಲ್ಲ, ಅದೇ ಧಾಟಿ. ಯಾರ ಪೆಟ್ಟಿಗೆ ಎಷ್ಟು ತಿರುಗಿಸಿತೋ ಅಷ್ಟು ಪಾಲು.

ಇನ್ನು ಕಥೆಗೆ ಬರೋಣ. ನನ್ನ ಸ್ನೇಹಿತರು ಯಲಹಂಕದ ವೀಲ್ ಅಂಡ್ ಆಕ್ಸಲ್‌ನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಪಿಎಫ್ ದುಡ್ಡಿನಲ್ಲಿ ಮೇಲೆ ಎರಡು ಮಹಡಿ ಎತ್ತಿದರು. ಮೇಲಿನ ಒಂಟಿ ಕೋಣೆಗೆ ಚಿಕ್ಕಬಳ್ಳಾಪುರ ಕಡೆಯ ಒಬ್ಬ ಹುಡುಗ ಬಂದ. ಒಳ್ಳೇ ಹುಡುಗ, ಬಾಡಿಗೆ ತಡ ಮಾಡಿದವನಲ್ಲ. ಒಂದು ದಿನ ಮೇಲಿನಿಂದ ಹಿಟ್ಟಿನ ಗಿರಣಿ ಓಡಿದಂಥ ಸದ್ದು ಶುರುವಾಯಿತು. ರಾತ್ರಿಯೂ ನಿಲ್ಲಲಿಲ್ಲ. "ಏನಪ್ಪ ಅದು?" ಅಂದರೆ, "ಕಂಪ್ಯೂಟರ್ ಅಂಕಲ್, ಸ್ವಲ್ಪ ಫ್ಯಾನು ಜೋರು" ಅಂದ. ಹಳೇ ಎಸ್‌9 ಎಂಬ ಜಾತಿಯ ಆಂಟ್‌ಮೈನರ್ ಪೆಟ್ಟಿಗೆ ಅದು. 2016ರಲ್ಲಿ ಹೊಸದಾಗಿ ಬಂದಾಗ ಲೋಕವೇ ಬೆರಗಾಗಿದ್ದ ಸಾಮಾನು. ಈಗ ಕೈಬದಲಾಗಿ ಕೈಬದಲಾಗಿ ಇವನ ಕೈಗೆ ಬಂದಿತ್ತು.

ತಿಂಗಳು ಕಳೆಯುವುದರೊಳಗೆ ಮಿಷನ್ನಿಗೆ ರೋಗ ಹಿಡಿಯಿತು. ಹಗಲೆಲ್ಲ ಓಡುತ್ತಿತ್ತು. ಸಂಜೆ ಏಳರ ಮೇಲೆ ತಾನೇ ನಿಂತು ತಾನೇ ಶುರುವಾಗುತ್ತಿತ್ತು. ಮೂರು ಬೋರ್ಡುಗಳಲ್ಲಿ ಒಂದು ಆಗಾಗ ಮಾಯ. ಹುಡುಗ ಏನು ಮಾಡಿದ? ಸಾಫ್ಟ್‌ವೇರಿನದೇ ತಪ್ಪು ಅಂತ ತೀರ್ಮಾನಿಸಿದ. ಹದಿನೈದು ದಿನ ನಿದ್ದೆಗೆಟ್ಟು ಮೂರು ಸಲ ಅದರೊಳಗಿನ ಸಾಫ್ಟ್‌ವೇರು ಬದಲಿಸಿದ. ಎರಡು ಸಲ ಪೂಲು ಬದಲಿಸಿದ. ಇಂಟರ್ನೆಟ್ಟಿನವನ ಜೊತೆ ಜಗಳವಾಡಿದ. ನಡುವೆ ಕೋಣೆಯ ಎಂಸಿಬಿ ಪದೇ ಪದೇ ಬೀಳುತ್ತಿದೆ ಅಂತ 10 ಆಂಪಿನದನ್ನು ತೆಗೆದು 32 ಆಂಪಿನದು ಹಾಕಿಕೊಂಡ!

ಓದುಗರಲ್ಲಿ ಹಿರಿಯರಿಗೆ ಇದು ಹೊಸದಲ್ಲ. ನಮ್ಮ ಕಾಲದಲ್ಲಿ ಪಿಂಗಾಣಿ ಫ್ಯೂಸು ಹೋದರೆ ತೆಳ್ಳನೆ ತಂತಿ ಹಾಕುವ ಬದಲು ಸೈಕಲ್ ಕಡ್ಡಿಯಷ್ಟು ದಪ್ಪದ್ದು ಸುತ್ತುವ ಶೂರರಿದ್ದರು. ಫ್ಯೂಸು ಮತ್ತೆ ಹೋಗುತ್ತಿರಲಿಲ್ಲ, ನಿಜ. ಹೋಗುವುದು ಗೋಡೆಯೊಳಗಿನ ವೈರು. ಎಂಸಿಬಿ ಬೀಳುವುದು ರೋಗವಲ್ಲ ಸ್ವಾಮಿ, ರೋಗ ಇದೆ ಅಂತ ಕೂಗಿ ಹೇಳುವ ಕಾವಲುಗಾರ. ಕಾವಲುಗಾರನ ಬಾಯಿ ಮುಚ್ಚಿಸಿದ್ದಾಯಿತು.

ಕೆಳಗಿನ ಮನೆಯಲ್ಲಿ ಸ್ನೇಹಿತರ ಪತ್ನಿಗೆ ಒಂದು ಸಂಜೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮಗಳು, ಮೂರು ವರ್ಷದ ಮೊಮ್ಮಗು ಮನೆಯಲ್ಲೇ ಇದ್ದರು. ನಾನೂ ಅಂದು ಕಾಫಿಗೆಂದು ಅಲ್ಲಿಗೆ ಹೋಗಿದ್ದೆ. ಎಲ್ಲರೂ ಮೇಲೆ ಓಡಿದೆವು. ಹುಡುಗ ಕಂಪ್ಯೂಟರ್ ಮುಂದೆ ಕೂತು ಯಾವುದೋ ಅಂಕಿ ನೋಡುತ್ತಿದ್ದ. ಅವನ ಬೆನ್ನ ಹಿಂದೆ ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿತ್ತು. ಮೇನ್ ಆಫ್ ಮಾಡಿ, ಬೀದಿ ತಿರುವಿನ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು.

ಆತ ಕಂಪ್ಯೂಟರ್ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಎಕ್ಸ್‌ಟೆನ್ಷನ್ ಬೋರ್ಡಿನ ವೈರನ್ನು ಕೈಯಲ್ಲಿ ಹಿಡಿದು ನೋಡಿದ. "ಇನ್ನೂ ಬಿಸಿ ಐತಲ್ಲ ಸಾರ್. ಇದರ ಮೇಲೆ ಏನು ಬರೆದವ್ರೆ ನೋಡಿ, ಆರು ಆಂಪು. ಇದು ರೇಡಿಯೋಗೆ, ಚಾರ್ಜರಿಗೆ. ನೀವು ಇದರಲ್ಲಿ ಹೀಟರ್ ಓಡಿಸ್ತಾ ಇದೀರ."

ಮಾತು ನೂರಕ್ಕೆ ನೂರು ಸತ್ಯ. ಆ ಪೆಟ್ಟಿಗೆ ಎಳೆಯುವುದು ಸುಮಾರು 1,350 ವಾಟು. ನಮ್ಮ 230 ವೋಲ್ಟಿಗೆ ಭಾಗಿಸಿದರೆ ಹತ್ತಿರ ಹತ್ತಿರ 6 ಆಂಪು. ಅಂದರೆ ಸಣ್ಣ ಪ್ಲಗ್ಗಿನ ತುತ್ತತುದಿ. ಇಸ್ತ್ರಿ ಪೆಟ್ಟಿಗೆಯಾದರೆ ಹತ್ತು ನಿಮಿಷ ಓಡುತ್ತದೆ, ನಡುನಡುವೆ ತಾನೇ ಆಫ್ ಆಗುತ್ತದೆ. ಇದು ರಾತ್ರಿ ಹಗಲು, ಭಾನುವಾರ ಹಬ್ಬ ಅನ್ನದೆ ಓಡುವ ಗಾಣ. ಸಡಿಲವಾದ ಒಂದು ಸ್ಕ್ರೂ ಸಾಕು, ಅಲ್ಲಿ ಶಾಖ ಕೂತು ಕೂತು ಬೇಯುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಗೀಸರು ಶುರುವಾಗಿ ವೋಲ್ಟೇಜು ಇಳಿದರೆ ಇಂಥ ಯಂತ್ರಕ್ಕೆ ಸಿಗುವ ವಾಟು ಕಡಿಮೆಯಾಗುವುದಿಲ್ಲ. ಅದು ತನ್ನ ಪಾಲಿನ ವಾಟು ಬಿಡದೆ ಇನ್ನಷ್ಟು ಆಂಪು ಎಳೆಯುತ್ತದೆ. ವೈರು ಇನ್ನಷ್ಟು ಕಾಯುತ್ತದೆ.

ಆತ ಸ್ವಲ್ಪ ಹೊತ್ತು ಮಿಷನ್ ಓಡಿಸಿ ಮೀಟರು ಹಿಡಿದ. ಕೆಳಗಿನ ಮೇನ್ ಬೋರ್ಡಿನಲ್ಲಿ 222 ವೋಲ್ಟು. ಮೇಲಿನ ಪ್ಲಗ್ಗಿನಲ್ಲಿ 208. ನಡುದಾರಿಯಲ್ಲಿ 14 ವೋಲ್ಟು ಎಲ್ಲಿ ಹೋಯಿತು? 14ನ್ನು 6 ಆಂಪಿನಿಂದ ಗುಣಿಸಿ: 84 ವಾಟು. ಸ್ನೇಹಿತರ ಮನೆಯ ಗೋಡೆಯೊಳಗೆ ಒಂದು ಹಳೇ ಕಾಲದ ಬಲ್ಬು ತಿಂಗಳಿಡೀ ಉರಿದ ಹಾಗಾಯಿತು. ಸಾಫ್ಟ್‌ವೇರು ಬದಲಿಸಿದರೆ ಆರುವ ಬಲ್ಬೇ ಅದು?

ಇಲ್ಲಿಂದ ಮುಂದೆ ರಿಪೇರಿ ಸರಿಯಾದ ಹಾದಿ ಹಿಡಿಯಿತು. ನೆಲದಂತಸ್ತಿನ ಬೋರ್ಡಿನಿಂದ ನೇರವಾಗಿ ದಪ್ಪ ವೈರು ಎಳೆದು, ಅದಕ್ಕೇ ಬೇರೆ 16 ಆಂಪಿನ ಎಂಸಿಬಿ, 16 ಆಂಪಿನ ದೊಡ್ಡ ಪ್ಲಗ್ಗು, ಅರ್ಥಿಂಗು. 32ರ ಎಂಸಿಬಿ ಕಿತ್ತು ಹಳೇ 10 ಆಂಪಿನದು ವಾಪಸು. ಆಮೇಲೆ ಪೆಟ್ಟಿಗೆಯ ಧೂಳು. ಹೆಬ್ಬಾಳದಿಂದ ಯಲಹಂಕದವರೆಗಿನ ಧೂಳಿನ ಬಗ್ಗೆ ಬಸ್ಸಿನಲ್ಲಿ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ. ಬ್ಲೋವರ್ ಹಿಡಿದಾಗ ಒಳಗಿಂದ ಹೊರಟದ್ದು ನೋಡಿ ಸ್ನೇಹಿತರ ಪತ್ನಿ ಬಾಲ್ಕನಿಯ ಬಟ್ಟೆ ಎತ್ತಿಕೊಂಡು ಓಡಿದರು. ಹುಡುಗ ಸದ್ದು ಕಡಿಮೆ ಮಾಡಲೆಂದು ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು ಬಾಗಿಲು ಅರೆ ಮುಚ್ಚುತ್ತಿದ್ದನಂತೆ. 1,350 ವಾಟು ಒಳಗೆ ಹೋದರೆ ಅಷ್ಟೂ ಶಾಖವಾಗಿಯೇ ಹೊರಗೆ ಬರಬೇಕು. ಲೆಕ್ಕ ಹಾಕಿ ಉಳಿಸಿಕೊಳ್ಳುವುದು ಏನೂ ಇಲ್ಲ. ಬೀರುವಿನಲ್ಲಿಟ್ಟರೆ ತಾನು ಬಿಟ್ಟ ಬಿಸಿ ಗಾಳಿಯನ್ನೇ ತಾನು ಉಸಿರಾಡಿ ಮೂರ್ಛೆ ಹೋಗುತ್ತದೆ. ಒಂದು ಕಡೆಯಿಂದ ತಣ್ಣನೆ ಗಾಳಿ ಬಂದು ಇನ್ನೊಂದು ಕಡೆಯಿಂದ ಕಿಟಕಿಯಾಚೆ ಹೋಗಬೇಕು. ಫ್ಯಾನು ಎರಡೂ ತಿರುಗುತ್ತಿವೆಯೇ ನೋಡಬೇಕು. ಒಂದು ನಿಂತರೂ ಈ ಯಂತ್ರ ತಾನೇ ಕೈಚೆಲ್ಲುತ್ತದೆ, ಅದು ಒಳ್ಳೆಯದೇ.

ಆ ಮಾಯವಾಗುವ ಬೋರ್ಡಿನ ವಿಚಾರ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ರೇಡಿಯೋ ರಿಪೇರಿಯವರು ಹಿಂದಿನಿಂದ ಮಾಡುತ್ತಿದ್ದದ್ದೇ. ಕರೆಂಟು ಪೂರಾ ತೆಗೆದು, ಚೆನ್ನಾಗಿರುವ ಬೋರ್ಡಿನ ಪಟ್ಟಿ ಕೇಬಲ್ಲನ್ನು ಕೆಟ್ಟ ಬೋರ್ಡಿಗೆ, ಕೆಟ್ಟದರದ್ದನ್ನು ಒಳ್ಳೆಯದಕ್ಕೆ ಹಾಕಿ ನೋಡುವುದು. ದೋಷ ಕೇಬಲ್ಲಿನ ಜೊತೆ ಹೋದರೆ ಕೇಬಲ್ಲು ಕೆಟ್ಟಿದೆ. ಬೋರ್ಡಿನಲ್ಲೇ ಉಳಿದರೆ ಬೋರ್ಡು ಕೆಟ್ಟಿದೆ. ಇಲ್ಲಿ ಬೋರ್ಡೇ ಕೆಟ್ಟಿತ್ತು. ಒಂದೊಂದು ಬೋರ್ಡಿನಲ್ಲಿ 63 ಚಿಪ್ಪುಗಳು. ಒಂದರ ಮಾತು ಇನ್ನೊಂದಕ್ಕೆ ದಾಟಬೇಕು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲೇ ಕತ್ತಲಾಗುತ್ತದಲ್ಲ, ಹಾಗೆ. ಬಿಸಿಯಲ್ಲಿ ಬೆಂದ ಒಂದು ಚಿಪ್ಪು ಇಡೀ ಬೋರ್ಡನ್ನು ಮುಳುಗಿಸಿತ್ತು.

ಹೀಗೆ ವೈರು, ಪ್ಲಗ್ಗು, ಶಾಖ, ಧೂಳು, ಕೇಬಲ್ಲು ನೋಡಿದ ಮೇಲೆ ಕೊನೆಗೆ ಬರಬೇಕಾದದ್ದು ಸಾಫ್ಟ್‌ವೇರು. ನಮ್ಮ ಹುಡುಗರು ಇದನ್ನೇ ತಲೆಕೆಳಗು ಮಾಡುತ್ತಾರೆ. ಕೀಲಿಮಣೆ ಮುಂದೆ ಕೂತು ಮಾಡುವ ರಿಪೇರಿಗೆ ಕೈ ಕೊಳೆಯಾಗುವುದಿಲ್ಲ ನೋಡಿ.

ಮಿಷನ್ನು ಎರಡು ಬೋರ್ಡಿನಲ್ಲಿ ಚೆನ್ನಾಗಿ ಓಡಲು ಶುರುವಾಯಿತು. ಹುಡುಗನ ಮುಖ ಅರಳಿತು. ಆಗ ನನ್ನ ಸ್ನೇಹಿತರು, ಜೀವಮಾನವೆಲ್ಲ ಫ್ಯಾಕ್ಟರಿಯ ಲೆಕ್ಕ ನೋಡಿದವರು, ಒಂದು ಹಾಳೆ ಪೆನ್ನು ತಂದು ಮುಂದಿಟ್ಟರು. "ಕೂತ್ಕೊಳಪ್ಪ. ಮೂರೂ ಬೋರ್ಡು ಸರಿಯಿದ್ರೆ ಏನಾಗ್ತಿತ್ತು, ಅದನ್ನೇ ಹಾಕು."

1,350 ವಾಟು, 24 ಗಂಟೆ. ದಿನಕ್ಕೆ 32 ಯೂನಿಟ್ಟಿಗೆ ಮೇಲೆ. ತಿಂಗಳಿಗೆ 972 ಯೂನಿಟ್ಟು. ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂತಿಟ್ಟುಕೊಂಡರೂ 5,800 ರೂಪಾಯಿ ದಾಟುತ್ತದೆ. ನಿಗದಿ ಶುಲ್ಕ, ತೆರಿಗೆ ಬೇರೆ. ಹುಟ್ಟುವಳಿ? ಲೋಕದಲ್ಲಿ ಈ ಬೀಗ ತಿರುಗಿಸುತ್ತಿರುವ ಯಂತ್ರಗಳ ಒಟ್ಟು ಬಲ ಈಗ ಎಷ್ಟು ಬೆಳೆದಿದೆಯೆಂದರೆ, ಅದರಲ್ಲಿ ಒಂದು ಎಸ್‌9ರ ಪಾಲು ಹಲವು ಕೋಟಿಯಲ್ಲಿ ಒಂದು ಪಾಲು. ಇಡೀ ಪ್ರಪಂಚಕ್ಕೆ ದಿನಕ್ಕೆ ಹುಟ್ಟುವುದು ಸುಮಾರು 450 ನಾಣ್ಯ. ಅದನ್ನು ಅಷ್ಟು ಕೋಟಿಗೆ ಹಂಚಿದರೆ ಸಿಗುವ ಚೂರು, ಕರೆಂಟಿನ ಅರ್ಧ ಖರ್ಚನ್ನೂ ಹುಟ್ಟಿಸುವುದಿಲ್ಲ. ಅಂದರೆ ಮಿಷನ್ನು ಕೆಟ್ಟು ನಿಂತಿದ್ದ ದಿನಗಳೇ ಹುಡುಗನಿಗೆ ಲಾಭದ ದಿನಗಳು! ಹದಿನೈದು ದಿನ ನಿದ್ದೆಗೆಟ್ಟು ಅವನು ರಿಪೇರಿ ಮಾಡಲು ಹೊರಟಿದ್ದು ತನ್ನ ನಷ್ಟವನ್ನು.

ಇದರ ಮೇಲೆ ಇನ್ನೊಂದು ಪೆಟ್ಟು. ಆ ಕೋಣೆಗೆ ಬೇರೆ ಮೀಟರಿಲ್ಲ, ಕೆಳಗಿನ ಮನೆಯ ಮೀಟರಿಗೇ ಸೇರಿತ್ತು. ಸ್ನೇಹಿತರಿಗೆ ಗೃಹಜ್ಯೋತಿ ಇತ್ತು. 2023ರ ಆಗಸ್ಟಿನಿಂದ ಸೊನ್ನೆ ಬಿಲ್ಲು ನೋಡಿ ಅಭ್ಯಾಸವಾದವರು. ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಉಚಿತ, 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ಎಂಬುದು ಆ ಯೋಜನೆಯ ಕಟ್ಟು. ಈ ಪೆಟ್ಟಿಗೆ 200 ಯೂನಿಟ್ಟನ್ನು ಆರೇ ದಿನದಲ್ಲಿ ಕುಡಿದುಬಿಡುತ್ತದೆ. ತಿಂಗಳ ಏಳನೇ ತಾರೀಖಿಗೇ ಇಡೀ ಮನೆಯ ಸೌಲಭ್ಯ ಹೋಯಿತು. ಸರ್ಕಾರ ಬಡವರ ದೀಪಕ್ಕೆಂದು ಕೊಟ್ಟದ್ದು ಗಣಿಗೆ ಹೋಗಬಾರದು ಎಂಬುದೇನೋ ಸರಿಯೇ. ಆದರೆ ಇಲ್ಲಿ ಸಿಕ್ಕಿಬಿದ್ದದ್ದು ಏನೂ ಅರಿಯದ ಮುದುಕರು.

ತೆರಿಗೆಯ ಮಾತನ್ನೂ ಹೇಳಿಬಿಡುತ್ತೇನೆ. ಇದು ಕಾನೂನುಬಾಹಿರವೇ ಅಂತ ಬಹಳ ಜನ ಕೇಳುತ್ತಾರೆ. ರಿಸರ್ವ್ ಬ್ಯಾಂಕು 2018ರಲ್ಲಿ ಈ ನಾಣ್ಯದ ವ್ಯವಹಾರಸ್ಥರಿಗೆ ಬ್ಯಾಂಕಿನ ಬಾಗಿಲು ಮುಚ್ಚಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಬಜೆಟ್ಟು ಇದರ ಆದಾಯಕ್ಕೆ ನೂರಕ್ಕೆ 30 ತೆರಿಗೆ ಹಾಕಿತು. ಗಣಿಯ ಯಂತ್ರ ಸಲಕರಣೆಗೆ ಹಾಕಿದ ದುಡ್ಡನ್ನು ಖರ್ಚೆಂದು ಕಳೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಅದೇ ವರ್ಷ ಲೋಕಸಭೆಯಲ್ಲಿ ಸ್ಪಷ್ಟ ಮಾಡಿತು. ಕಿರಾಣಿ ಅಂಗಡಿಯವರು ಊಹಿಸಿಕೊಳ್ಳಲಿ: ಮಾಲು ತಂದ ಖರ್ಚು ಲೆಕ್ಕಕ್ಕಿಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ದುಡ್ಡಿಗೆ ಮಾತ್ರ ತೆರಿಗೆ ಅಂದರೆ ಎಷ್ಟು ದಿನ ಬಾಗಿಲು ತೆಗೆದೀರಿ?

ಗ್ರಾಫಿಕ್ಸ್ ಕಾರ್ಡಿನ ಗಣಿಗಾರರ ಕಥೆ ಬೇರೆ. ಇವರು ತಿರುಗಿಸುತ್ತಿದ್ದದ್ದು ಈಥರ್ ಎಂಬ ಇನ್ನೊಂದು ನಾಣ್ಯದ ಬೀಗ. ಕಬ್ಬಿಣದ ಚೌಕಟ್ಟಿಗೆ ಆರು ಕಾರ್ಡು ಸಾಲಾಗಿ ನೇತುಹಾಕಿ, ಒಂದೊಂದಕ್ಕೂ ರೈಸರ್ ಎಂಬ ಚಿಕ್ಕ ಪಟ್ಟಿ ಕೊಟ್ಟು ಓಡಿಸುತ್ತಿದ್ದರು. ಆರ್.ಟಿ. ನಗರದ ಒಬ್ಬ ಕಂಪ್ಯೂಟರ್ ರಿಪೇರಿಯವರು ನನಗೆ ಕರಗಿದ ಒಂದು ಬಿಳಿ ಕನೆಕ್ಟರನ್ನು ತೋರಿಸಿದರು, ಮೇಣದಬತ್ತಿಯ ತುದಿಯ ಹಾಗಿತ್ತು. ಹಾರ್ಡ್ ಡಿಸ್ಕಿಗೆಂದು ಇರುವ ತೆಳ್ಳನೆ ಪಿನ್ನಿನ ವೈರಿನಿಂದ ರೈಸರಿಗೆ ಕರೆಂಟು ಕೊಟ್ಟದ್ದರ ಫಲ. "ಹತ್ತು ಜನ ಬಂದ್ರೆ ಐದು ಜನದ್ದು ಇದೇ ಕಂಪ್ಲೇಂಟು ಸಾರ್, ಡ್ರೈವರ್ ಹಾಕಿಕೊಡಿ ಅಂತ ತರ್ತಾರೆ" ಅಂದರು. ರೈಸರಿಗೆ ಪವರ್ ಸಪ್ಲೈನಿಂದ ನೇರ ಬರುವ ದಪ್ಪ ಆರು ಪಿನ್ನಿನದೇ ಬೇಕು. ಒಂದೊಂದೇ ಕಾರ್ಡು ಹಾಕಿ ಪರೀಕ್ಷಿಸುತ್ತಾ ಹೋದರೆ ಕೆಟ್ಟ ರೈಸರು ಯಾವುದೆಂದು ಅರ್ಧ ಗಂಟೆಯಲ್ಲಿ ಸಿಗುತ್ತದೆ. ಆರೂ ಒಟ್ಟಿಗೆ ಹಾಕಿ ಹುಡುಕಿದರೆ ಆರು ದಿನ.

ಕೆಲವು ಸಲ ಕಾರ್ಡು ಕೆಟ್ಟೇ ಇರಲಿಲ್ಲ. ಈಥರಿನ ಗಣಿಗೆ ಒಂದು ದೊಡ್ಡ ಕಡತವನ್ನು ಕಾರ್ಡಿನ ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕಿತ್ತು. ಆ ಕಡತ ದಿನೇ ದಿನೇ ಬೆಳೆದು 2020ರ ಡಿಸೆಂಬರ್ ಹೊತ್ತಿಗೆ 4 ಜಿಬಿ ಮೀರಿತು. 4 ಜಿಬಿಯ ಕಾರ್ಡುಗಳೆಲ್ಲ ಮಲಗಿದವು. ಮಾಲೀಕರು ಮಾತ್ರ ಕಾರ್ಡು ಹೊತ್ತು ಅಂಗಡಿ ಅಂಗಡಿ ಅಲೆದರು. ಕೊನೆಗೆ 2022ರ ಸೆಪ್ಟೆಂಬರ್ 15ರಂದು ಈಥರಿಯಂನವರು ಬೀಗ ತಿರುಗಿಸುವ ಪದ್ಧತಿಯನ್ನೇ ಕೈಬಿಟ್ಟರು. ಒಂದೇ ದಿನಕ್ಕೆ ಆ ಗಣಿ ಪೂರಾ ಬಂದ್. ಯಂತ್ರ ಚೆನ್ನಾಗಿದೆ, ಕೆಲಸವೇ ಇಲ್ಲ. ಆ ಕಾರ್ಡುಗಳು ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಮಾಲಾಗಿ ಬಂದವು. ಮಗನಿಗೆ ಗೇಮು ಆಡಲು ಅಂತ ಅಗ್ಗಕ್ಕೆ ಕಾರ್ಡು ಕೊಳ್ಳುವ ತಂದೆಯರು ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ, ಫ್ಯಾನಿನ ಸದ್ದು ಕೇಳಿ, ಬಿಲ್ಲು ಬರೆಸಿಕೊಂಡೇ ತರಬೇಕು. ವ್ಯಾಪಾರಿಗಳೂ ಅಷ್ಟೇ, ಗಣಿಯಲ್ಲಿ ದುಡಿದ ಕಾರ್ಡು ಅಂತ ಬಾಯಿಬಿಟ್ಟು ಹೇಳಿ ಮಾರಿದರೆ ಮರ್ಯಾದೆ ಉಳಿಯುತ್ತದೆ.

ಈಗ ನಿಮಗೆ ಗಣಿಯೇ ಬೇಡ ಅನ್ನಿ. ಆದರೂ ನಿಮ್ಮ ಅಂಗಡಿಯಲ್ಲಿ ಗಣಿ ನಡೆಯುತ್ತಿರಬಹುದು! ಇದನ್ನು ಜೆರಾಕ್ಸ್ ಅಂಗಡಿಯವರು, ಬಿಲ್ಲಿಂಗಿಗೆ ಕಂಪ್ಯೂಟರ್ ಇಟ್ಟವರು ಗಮನವಿಟ್ಟು ಓದಬೇಕು. 2017ರಲ್ಲಿ ಕಾಯಿನ್‌ಹೈವ್ ಎಂಬ ಒಂದು ಸಣ್ಣ ತಂತ್ರ ಬಂತು. ಅದನ್ನು ಸೇರಿಸಿದ ವೆಬ್ ತಾಣವನ್ನು ನೀವು ತೆರೆದರೆ ಸಾಕು, ನಿಮ್ಮ ಕಂಪ್ಯೂಟರು ನಿಮ್ಮ ಕರೆಂಟಿನಲ್ಲಿ ಬೇರೆಯವರಿಗೆ ಮೊನೆರೊ ಎಂಬ ನಾಣ್ಯ ತೆಗೆದುಕೊಡುತ್ತಿತ್ತು. 2018ರಲ್ಲಿ ಪಕ್ಕದ ಆಂಧ್ರದ ಸರ್ಕಾರಿ ತಾಣಗಳಲ್ಲೇ ಅದು ಸಿಕ್ಕಿ ಸುದ್ದಿಯಾಗಿತ್ತು. ಕಾಯಿನ್‌ಹೈವ್ 2019ರ ಮಾರ್ಚಿನಲ್ಲಿ ಮುಚ್ಚಿತು. ಆದರೆ ಉಪಾಯ ಸಾಯಲಿಲ್ಲ. ಕಳ್ಳ ವಿಂಡೋಸ್, ಪುಕ್ಕಟೆ ಟ್ಯಾಲಿ, ಪುಕ್ಕಟೆ ಫೋಟೋಶಾಪು ಹಾಕಿಸಿಕೊಂಡಾಗ ಜೊತೆಗೆ ಗಣಿಯ ಕಳ್ಳನೂ ಬಂದು ಕೂರುತ್ತಾನೆ. ಏನೂ ಕೆಲಸವಿಲ್ಲದಾಗಲೂ ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಯಾವುದು ತಿನ್ನುತ್ತಿದೆ ನೋಡಿ. ತೆರೆದ ಕೂಡಲೇ ಫ್ಯಾನು ಸುಮ್ಮನಾಗಿ, ಮುಚ್ಚಿದ ಕೂಡಲೇ ಮತ್ತೆ ಶುರುವಾದರೆ ಅನುಮಾನ ಇನ್ನೂ ಗಟ್ಟಿ. ನೋಡುತ್ತಿದ್ದೀರಿ ಅಂತ ತಿಳಿದು ಅಡಗುವ ಜಾತಿಗಳಿವೆ.

ತಾನಾಗಿ ಗಣಿ ಇಟ್ಟವನಿಗೂ ಈ ಕಳ್ಳನ ಕಾಟ ಉಂಟು. ಗಣಿಯ ಸಾಫ್ಟ್‌ವೇರನ್ನು ಆಂಟಿವೈರಸ್ಸು ತಡೆಯುತ್ತದೆ. ಕೆಲವು ಸಲ ಅದು ಸುಮ್ಮನೆ ಹೆದರಿ ತಡೆಯುವುದು ನಿಜ. ಆದರೆ ಅದೇ ನೆಪ ಹೇಳಿ "ಆಂಟಿವೈರಸ್ ಆಫ್ ಮಾಡಿ" ಅನ್ನುವ ನಕಲಿ ಸಾಫ್ಟ್‌ವೇರುಗಳೂ ಬೇಕಾದಷ್ಟಿವೆ. ಮೂಲ ಮಾಡಿದವರ ತಾಣದಿಂದಲ್ಲದೆ ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ್ದನ್ನು ಹಾಕಿಕೊಂಡರೆ, ಯಂತ್ರ ನಿಮ್ಮದು, ಕರೆಂಟು ನಿಮ್ಮದು, ಜಮಾ ಆಗುವ ಖಾತೆ ಅವನದು. ಪೂಲಿನ ಪುಟದಲ್ಲಿ ಕಾಣುವ ವಿಳಾಸ ನಿಮ್ಮದೇ ಹೌದೇ ಅಂತ ಮೊದಲ ಅಕ್ಷರದಿಂದ ಕೊನೇ ಅಕ್ಷರದವರೆಗೆ ಹೊಂದಿಸಿ ನೋಡಬೇಕು. "ನಾನು ದೂರದಿಂದಲೇ ಸರಿ ಮಾಡಿಕೊಡ್ತೀನಿ ಬ್ರದರ್, ನಿಮ್ಮ 12 ಪದ ಹೇಳಿ" ಅನ್ನುವವನು ರಿಪೇರಿಯವನಲ್ಲ. ಆ 12 ಅಥವಾ 24 ಪದ ಅಂದರೆ ತಿಜೋರಿಯ ಬೀಗದ ಕೈ.

ಯಂತ್ರವೇ ಇಲ್ಲದ ಗಣಿಯಂತೂ ಎಲ್ಲಕ್ಕಿಂತ ಅಪಾಯ. ಮಿಷನ್ನು ನಮ್ಮಲ್ಲಿದೆ, ದುಡ್ಡು ಮಾತ್ರ ನೀವು ಹಾಕಿ ಅನ್ನುವ ಆಪ್‌ಗಳು. 2022ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಶೇರ್‌ಹ್ಯಾಶ್ ಎಂಬ ಆಪ್‌ನ ಪ್ರಕರಣ ಹಿಡಿದರು. ಹೀಲಿಯಂ ಎಂಬ ನಾಣ್ಯದ ಗಣಿಗಾರಿಕೆಗೆ ಹಣ ಹಾಕಿ ಎಂದು ಜನರನ್ನು ಸೆಳೆದು, ಮೊದಮೊದಲು ಬಡ್ಡಿ ಕೊಟ್ಟು, ಒಂದು ದಿನ ಆಪ್ ನಿಂತೇ ಹೋಯಿತು. ಅದಕ್ಕೂ ಮೊದಲು ದೇಶದಾದ್ಯಂತ ಗೇನ್‌ಬಿಟ್‌ಕಾಯಿನ್‌ನವರು ತಿಂಗಳಿಗೆ ನೂರಕ್ಕೆ ಹತ್ತರಂತೆ 18 ತಿಂಗಳು ಕೊಡುತ್ತೇವೆಂದು ಗಣಿಯ ಹೆಸರಲ್ಲೇ ದುಡ್ಡೆತ್ತಿದ್ದರು. ಅದರ ಮುಖ್ಯಸ್ಥನನ್ನು 2018ರಲ್ಲಿ ಪುಣೆ ಪೊಲೀಸರು ಬಂಧಿಸಿದರು. ಮೇಲಿನ ಹಾಳೆಯ ಲೆಕ್ಕ ಒಮ್ಮೆ ಹಾಕಿದವನಿಗೆ ಈ ಮಾತು ಕೇಳಿದ ಕೂಡಲೇ ನಗು ಬರಬೇಕು. ನಗು ಬರುವ ಮೊದಲೇ ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಈಗ ಬೆಸ್ಕಾಂನವರಿಗೆ ಎರಡು ಮಾತು. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ, ಒಂದು ಉದ್ದೇಶಕ್ಕೆಂದು ಪಡೆದ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸಿದರೆ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಬಾಡಿಗೆ ಕೋಣೆಯಲ್ಲಿ ಹುಡುಗನೊಬ್ಬ ಒಂದು ಪೆಟ್ಟಿಗೆ ಇಟ್ಟರೆ ಅದು ಮನೆಬಳಕೆಯೋ ವ್ಯಾಪಾರವೋ? ಬಿಲ್ಲಿನ ಹಿಂಭಾಗದಲ್ಲಿ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿದರೆ ಗಂಟೇನು ಹೋಗುತ್ತದೆ? ದಂಡ ಬೀಳುವುದು ಆರ್.ಆರ್. ನಂಬರಿನ ಮೇಲೆ. ಆ ನಂಬರು ಮನೆ ಯಜಮಾನರದು. ಒಂದು ಮನೆಯ ಬಳಕೆ 150 ಯೂನಿಟ್ಟಿನಿಂದ ಒಮ್ಮೆಲೇ ಸಾವಿರಕ್ಕೆ ಹಾರಿದಾಗ ಮೀಟರು ಓದಲು ಬಂದವರು ಬಿಲ್ಲು ಹರಿದು ಕೈಗಿಟ್ಟು ಹೋಗುವ ಬದಲು "ಏನಿದು, ಒಮ್ಮೆ ವೈರಿಂಗ್ ನೋಡಿಸಿ" ಅಂತ ಒಂದು ಮಾತು ಹೇಳಬಾರದೇ? ಯಲಹಂಕದಲ್ಲೇ 370 ಮೆಗಾವಾಟಿನ ಗ್ಯಾಸ್ ವಿದ್ಯುತ್ ಸ್ಥಾವರ 2024ರಲ್ಲಿ ಉದ್ಘಾಟನೆಯಾಯಿತು ಎಂದು ಹೆಮ್ಮೆಪಡುವ ನಮ್ಮವರಿಗೆ, ಆ ಕರೆಂಟು ಮೂರನೇ ಮಹಡಿಯ ಗೋಡೆಯೊಳಗೆ ಏನು ಮಾಡುತ್ತಿದೆ ಎಂಬುದೂ ಗೊತ್ತಿರಬೇಕು.

ಮನೆ ಮಾಲೀಕರಿಗೂ ಹೇಳಬೇಕಾದ್ದಿದೆ. ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು, ನೆಂಟರು ಬರಬಾರದು, ಮೀನು ಹುರಿಯಬಾರದು ಅಂತ ಹತ್ತು ಷರತ್ತು ಬರೆಸುತ್ತೀರಿ. ಹೀಟರು, ಮೋಟಾರು, ಗಣಿ ಪೆಟ್ಟಿಗೆಯಂಥ ಹೆಚ್ಚು ವಾಟಿನ ಸಾಮಾನು ಕೇಳದೆ ಹಾಕಬಾರದು ಅಂತ ಒಂದು ಸಾಲು ಯಾರೂ ಬರೆಸುವುದಿಲ್ಲ. ಕೋಣೆಗೊಂದು ಬೇರೆ ಮೀಟರು ಇಡುವುದಕ್ಕೂ ಕೈ ಹಿಂದೆ. ಮೇಲಿನ ಕೋಣೆಗೆ ತೆಳ್ಳನೆ ವೈರು ಎಳೆಸಿ, ದೊಡ್ಡ ಪ್ಲಗ್ಗು ಒಂದೂ ಇಡದೆ ಬಾಡಿಗೆಗೆ ಕೊಟ್ಟಿದ್ದು ನನ್ನ ಸ್ನೇಹಿತರೇ. ನನ್ನ ಸ್ನೇಹಿತರು ಅಂತ ಬಿಟ್ಟುಬಿಡಲಾಗದು. ಇದನ್ನು ಅವರ ಮುಂದೆಯೇ ಹೇಳಿದ್ದೇನೆ.

ಹುಡುಗನ ಬಗ್ಗೆ ನನಗೆ ಕೋಪವಿಲ್ಲ. ಅವನಿಗೆ ಸಂಬಳ ಸಾಲದು, ಊರಿಗೆ ದುಡ್ಡು ಕಳಿಸಬೇಕು, ಮಲಗಿದಾಗಲೂ ದುಡಿಯುವ ಯಂತ್ರ ಇದೆ ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ದರು, ನಂಬಿದ. ಬೋರ್ಡು ಬದಲಿಸಿ ಇನ್ನೊಂದು ತಿಂಗಳು ನೋಡ್ತೀನಿ ಅಂತ ಎರಡು ದಿನ ಹಟ ಮಾಡಿದ. ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದವನು ಮೂರನೇ ದಿನ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಹಾಕಿ ಮೆಜೆಸ್ಟಿಕ್ ಬಸ್ಸು ಹತ್ತಿದ. ಎಸ್.ಪಿ. ರಸ್ತೆಯಲ್ಲಿ ಪವರ್ ಸಪ್ಲೈಗೆ ಒಂದು ಬೆಲೆ ಬಂತಂತೆ, ಎರಡು ಫ್ಯಾನಿಗೆ ಇನ್ನೊಂದು. ಬೋರ್ಡುಗಳನ್ನು ತೂಕಕ್ಕೆ ಕೇಳಿದರಂತೆ. ಅವನ್ನು ಕೊಡದೆ ವಾಪಸು ತಂದು ಅಟ್ಟದ ಮೇಲಿಟ್ಟಿದ್ದಾನೆ.

ಎಲೆಕ್ಟ್ರಿಷಿಯನ್ನನ ಕೂಲಿ, ವೈರು, ಪ್ಲಗ್ಗಿನ ಖರ್ಚನ್ನು ಸ್ನೇಹಿತರು ಕೊಟ್ಟಾಯಿತು. ಆ ತಿಂಗಳ ಕರೆಂಟು ಬಿಲ್ಲು ಮಾತ್ರ ಇನ್ನೂ ಅವರ ಹಜಾರದ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಮೂರು ಕಂತಿನಲ್ಲಿ ಕೊಡ್ತೀನಿ ಅಂಕಲ್ ಅಂದಿದ್ದಾನಂತೆ ಹುಡುಗ. ಮೊದಲ ಕಂತು ಈ ಸೋಮವಾರ.